ವೇಷ ಕಳಚುವವರು ಯಾರು?

ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕದ ಕೊನೆಯ ದೃಶ್ಯದಲ್ಲಿ ಎಲ್ಲ ಗುಟ್ಟೂ ರಟ್ಟಾಗುತ್ತದೆ. ಡ್ಯೂಕ್ ಒರ್ಸಿನೋನ ನೆಚ್ಚಿನ ಆಳು ಸಿಸಾರಿಯೋ ಹುಡುಗನೇ ಅಲ್ಲ, ಹಡಗು ಒಡೆದು ದಡ ಸೇರಿದ ವಯೋಲಾ ಎಂಬ ಹುಡುಗಿ ಎಂದು ಊರಿಗೆಲ್ಲ ತಿಳಿಯುತ್ತದೆ. ಸತ್ತನೆಂದುಕೊಂಡಿದ್ದ ಅವಳಿ ಸೋದರ ಸಿಕ್ಕಿದ್ದಾನೆ, ಮನಸ್ಸಿಟ್ಟವನು ಕೈಹಿಡಿಯಲು ಒಪ್ಪಿದ್ದಾನೆ. ಇನ್ನು ಒಳಗೆ ಹೋಗಿ ಹೆಣ್ಣುಡುಗೆ ತೊಟ್ಟು ಬರುವುದಷ್ಟೇ ಬಾಕಿ. ಅದೊಂದು ಮಾತ್ರ ಆಗುವುದಿಲ್ಲ. ಅವಳ ಬಟ್ಟೆಬರೆಗೆ ದಾರಿ ತೋರಬೇಕಾದವನು ಹಡಗಿನ ಕಪ್ತಾನ. ಕಪ್ತಾನ ಸೆರೆಯಲ್ಲಿದ್ದಾನೆ. ಅವನ ಮೇಲೆ ದಾವೆ ಹೂಡಿದವನು ಮಾಲ್ವೋಲಿಯೋ. ಆ ಮಾಲ್ವೋಲಿಯೋ ಎಲ್ಲರ ಮೇಲೂ ಹಲ್ಲು ಮಸೆಯುತ್ತ ಹೊರಟುಹೋಗಿದ್ದಾನೆ. ಹೀಗಾಗಿ ವಯೋಲಾ ನಾಟಕ ಮುಗಿಯುವವರೆಗೂ ಗಂಡುಡುಗೆಯಲ್ಲೇ ಇರುತ್ತಾಳೆ. ಮದುವೆಯಾಗಲಿರುವ ಒರ್ಸಿನೋ ಕೂಡ ಅವಳನ್ನು ಸಿಸಾರಿಯೋ ಎಂದೇ ಕರೆಯುತ್ತ ರಂಗದಿಂದ ಒಳಗೆ ನಡೆಯುತ್ತಾನೆ.

ಹುಡುಗನ ವೇಷ ತೊಟ್ಟ ನಾಯಕಿಯರ ಕಥೆಗಳನ್ನು ಹೇಳುವಾಗ ಎಲ್ಲರೂ ನೆನಪಿಸಿಕೊಳ್ಳುವುದು ವೇಷ ಹಾಕುವ ಗಳಿಗೆಯನ್ನು: ಜಡೆಗೆ ತಾಗುವ ಕತ್ತರಿ, ಎದೆಗೆ ಬಿಗಿಯುವ ಬಟ್ಟೆ, ದಪ್ಪ ಮಾಡಿಕೊಂಡ ದನಿ. ನೋಡಲು ಅದು ಸೊಗಸೇ ಸರಿ. ಆದರೆ ಕಥೆ ಕಟ್ಟಿದವರ ಮನಸ್ಸು ಬಯಲಾಗುವುದು ವೇಷ ಕಳಚುವಾಗ. ಅವಳೇ ಕಳಚುತ್ತಾಳೋ, ಬೇರೆಯವರು ಕಿತ್ತೆಸೆಯುತ್ತಾರೋ, ಇಲ್ಲ ವಯೋಲಾಳಂತೆ ಅದು ಮೈಮೇಲೆಯೇ ಉಳಿದುಬಿಡುತ್ತದೋ?

ಷೇಕ್ಸ್‌ಪಿಯರನ ಐದು ನಾಟಕಗಳಲ್ಲಿ ಒಟ್ಟು ಏಳು ಹೆಣ್ಣುಗಳು ಗಂಡುವೇಷ ಹಾಕುತ್ತಾರೆ. ಜೂಲಿಯಾ, ಪೋರ್ಷಿಯಾ, ಅವಳ ಸಖಿ ನೆರಿಸ್ಸಾ, ಜೆಸಿಕಾ, ರೋಸಲಿಂಡ್, ವಯೋಲಾ, ಇಮೋಜೆನ್. ಇದಕ್ಕೆ ರಂಗಮಂಚದ ಲೆಕ್ಕಾಚಾರವೂ ಕಾರಣ. ಆಗಿನ ಲಂಡನ್ನಿನ ವೃತ್ತಿ ಕಂಪನಿಗಳಲ್ಲಿ ಹೆಣ್ಣು ರಂಗವೇರುವಂತಿರಲಿಲ್ಲ, ಸ್ತ್ರೀಪಾತ್ರಗಳೆಲ್ಲ ದನಿ ಒಡೆಯದ ಹುಡುಗರ ಪಾಲು. ನಾಯಕಿ ಗಂಡುವೇಷ ಹಾಕಿದಳೆಂದರೆ ಆ ಹುಡುಗನಿಗೆ ಮೂರು ಅಂಕ ಲಂಗದ ಕಾಟ ತಪ್ಪುತ್ತಿತ್ತು. ಆದರೆ ಷೇಕ್ಸ್‌ಪಿಯರ್ ಅಷ್ಟಕ್ಕೇ ನಿಲ್ಲುವ ಆಸಾಮಿಯಲ್ಲ. ‘ಆಸ್ ಯೂ ಲೈಕ್ ಇಟ್’ನ ರೋಸಲಿಂಡ್ ಗ್ಯಾನಿಮೀಡ್ ಎಂಬ ಹುಡುಗನಾಗಿ ಕಾಡು ಸೇರುತ್ತಾಳೆ. ಅಲ್ಲಿ ಸಿಗುವ ಪ್ರಿಯಕರ ಒರ್ಲಾಂಡೋಗೆ, ‘ನನ್ನನ್ನೇ ರೋಸಲಿಂಡ್ ಎಂದುಕೊಂಡು ಪ್ರೇಮನಿವೇದನೆ ಅಭ್ಯಾಸ ಮಾಡು’ ಎನ್ನುತ್ತಾಳೆ. ಹುಡುಗ ನಟ ಹುಡುಗಿಯಾಗಿ, ಆ ಹುಡುಗಿ ಹುಡುಗನಾಗಿ, ಆ ಹುಡುಗ ಮತ್ತೆ ಹುಡುಗಿಯಾಗಿ, ನಾಲ್ಕು ಪದರದ ಆಟ. ಆ ಆಟದ ಲಗಾಮು ಕೊನೆಯವರೆಗೂ ಇರುವುದು ರೋಸಲಿಂಡಳ ಕೈಯಲ್ಲೇ. ಯಾವಾಗ ಹೆಣ್ಣಾಗಬೇಕು, ಯಾರ ಮುಂದೆ, ಯಾವ ಕರಾರಿನ ಮೇಲೆ ಎಂಬುದನ್ನೆಲ್ಲ ಅವಳೇ ಗೊತ್ತುಮಾಡುತ್ತಾಳೆ. ಷೇಕ್ಸ್‌ಪಿಯರ್ ಬರೆದ ಸ್ತ್ರೀಪಾತ್ರಗಳಲ್ಲಿ ಅತಿ ಹೆಚ್ಚು ಮಾತು ಇರುವುದೂ ಇವಳಿಗೇ.

1660ರಲ್ಲಿ ಲಂಡನ್ನಿನ ವೃತ್ತಿರಂಗಕ್ಕೆ ನಟಿಯರು ಬಂದರು. ಗಂಡುವೇಷದ ಪಾತ್ರಗಳು ಕಡಿಮೆಯಾಗಬೇಕಿತ್ತು, ಹೆಚ್ಚಾದವು. ಕಾರಣ ಅಷ್ಟೇನೂ ಉದಾತ್ತವಲ್ಲ. ನೆಲ ಗುಡಿಸುವ ಲಂಗದಡಿ ಕಾಣದ ಕಾಲುಗಳು ಬಿಗಿ ಚಲ್ಲಣದಲ್ಲಿ ಕಾಣುತ್ತಿದ್ದವು, ಅದಕ್ಕೇ ಟಿಕೆಟ್ ಕೊಳ್ಳುವವರಿದ್ದರು.

ಇದಕ್ಕೆಲ್ಲ ಆರುನೂರು ವರ್ಷಗಳ ಹಿಂದೆಯೇ ನಮ್ಮ ರಾಜಶೇಖರ ಕವಿ ಇದೇ ಗಂಟನ್ನು ಇನ್ನೂ ಬಿಗಿಯಾಗಿ ಹಾಕಿದ್ದ. ಈಗಿನ ಜಬಲ್ಪುರದ ಬಳಿಯ ತ್ರಿಪುರಿಯಲ್ಲಿ ಕಲಚೂರಿ ಅರಸರ ಆಸ್ಥಾನಕ್ಕಾಗಿ ಅವನು ಬರೆದ ನಾಲ್ಕಂಕದ ನಾಟಿಕೆ ‘ವಿದ್ಧಶಾಲಭಂಜಿಕಾ’. ಲಾಟ ದೇಶದ ಚಂದ್ರವರ್ಮನಿಗೆ ಗಂಡುಮಕ್ಕಳಿಲ್ಲ. ಮಗಳು ಮೃಗಾಂಕಾವಳಿಯನ್ನೇ ಮೃಗಾಂಕವರ್ಮನೆಂಬ ಮಗನೆಂದು ಸಾರಿ, ರಾಜ ವಿದ್ಯಾಧರಮಲ್ಲನ ಅರಮನೆಗೆ ಕಳಿಸುತ್ತಾನೆ. ಅಂತಃಪುರದಲ್ಲಿ ಅಣಕು ಮದುವೆಗಳ ಕೀಟಲೆ ಶುರುವಾಗಿ ಏಟಿಗೆ ಎದಿರೇಟು ನಡೆಯುತ್ತದೆ. ಗಂಡನಿಗೆ ಬುದ್ಧಿ ಕಲಿಸಬೇಕೆಂದು ರಾಣಿ ಒಂದು ಉಪಾಯ ಹೂಡುತ್ತಾಳೆ. ಆ ಹುಡುಗನಿಗೆ ಸೀರೆ ಉಡಿಸಿ, ವಧುವಿನಂತೆ ಸಿಂಗರಿಸಿ ರಾಜನಿಗೆ ಧಾರೆ ಎರೆಸಿಬಿಡುತ್ತಾಳೆ. ಎಲ್ಲರೂ ನಗಬೇಕೆನ್ನುವಷ್ಟರಲ್ಲಿ ಲಾಟದಿಂದ ಸುದ್ದಿ ಬರುತ್ತದೆ: ಚಂದ್ರವರ್ಮನಿಗೆ ಗಂಡುಮಗು ಹುಟ್ಟಿದೆ, ಇನ್ನು ಮಗಳನ್ನು ಮಗನೆನ್ನುವ ಅಗತ್ಯವಿಲ್ಲ. ಅಣಕು ಮದುವೆ ನಿಜದ ಮದುವೆಯಾಗಿ, ರಾಣಿ ತನ್ನ ಕೈಯಾರೆ ಸವತಿಯನ್ನು ತಂದುಕೊಂಡಂತಾಯಿತು. ನಕ್ಕು ಮುಗಿಸಿದ ಮೇಲೆ ಒಂದು ಸಂಗತಿ ಮುಳ್ಳಿನಂತೆ ಚುಚ್ಚುತ್ತದೆ. ಮೃಗಾಂಕಾವಳಿಗೆ ವೇಷ ತೊಡಿಸಿದವನು ಅಪ್ಪ, ಅದರ ಮೇಲೆ ಸೀರೆ ಸುತ್ತಿಸಿದವಳು ರಾಣಿ, ಅಷ್ಟೂ ವೇಷಗಳಿಂದ ಬಿಡುಗಡೆ ಕೊಟ್ಟದ್ದು ಆಗತಾನೇ ಹುಟ್ಟಿದ ತಮ್ಮ. ನಾಟಿಕೆ ಯಾರಿಂದ ನಡೆಯುತ್ತದೋ ಅವಳ ಮಾತಿಗೆ ಇಡೀ ವ್ಯವಹಾರದಲ್ಲಿ ಜಾಗವೇ ಇಲ್ಲ.

ಮಗಳನ್ನು ಮಗನೆಂದು ಬೆಳೆಸಿದ ಅಪ್ಪ ಮಹಾಭಾರತದಲ್ಲೂ ಇದ್ದಾನೆ. ದ್ರುಪದ ಶಿಖಂಡಿನಿಗೆ ದಶಾರ್ಣದ ರಾಜ ಹಿರಣ್ಯವರ್ಮನ ಮಗಳನ್ನು ತಂದು ಮದುವೆಯನ್ನೂ ಮಾಡಿದ. ಸೊಸೆಗೆ ಸತ್ಯ ತಿಳಿದು, ಬೀಗರು ದಂಡು ಕಟ್ಟಿಕೊಂಡು ಹೊರಟರು. ಸಾಯಲೆಂದು ಕಾಡು ಸೇರಿದ ಶಿಖಂಡಿನಿಗೆ ಸ್ಥೂಣಾಕರ್ಣನೆಂಬ ಯಕ್ಷ ತನ್ನ ಗಂಡಸುತನವನ್ನೇ ಎರವಲು ಕೊಟ್ಟ. ಕುಬೇರನ ಶಾಪದಿಂದ ಆ ಎರವಲು ಶಿಖಂಡಿ ಬದುಕಿರುವಷ್ಟು ಕಾಲಕ್ಕೂ ಖಾಯಮ್ಮಾಯಿತು. ಬೇರೆ ಕಥೆಗಳು ಅಂಗಿ ಬಿಚ್ಚಿಸಿ ತಿಣುಕಾಡುವ ಸಮಸ್ಯೆಯನ್ನು ವ್ಯಾಸರು ಮೈಯನ್ನೇ ಬದಲಿಸಿ ಮುಗಿಸಿದ್ದಾರೆ.

‘ಅರೇಬಿಯನ್ ನೈಟ್ಸ್’ನ ಬುದೂರ್ ರಾಜಕುಮಾರಿಯ ಗಟ್ಟಿಗತನ ಇನ್ನೊಂದು ತೂಕದ್ದು. ಪ್ರಯಾಣದ ನಡುವೆ ಗಂಡ ಕಾಣೆಯಾದಾಗ, ಒಂಟಿ ಹೆಣ್ಣೆಂದು ಪರಿವಾರ ತಿರುಗಿಬಿದ್ದೀತೆಂಬ ಅಂಜಿಕೆಯಿಂದ ಗಂಡನದೇ ಉಡುಪು ತೊಟ್ಟು ಮುಂದೆ ಸಾಗುತ್ತಾಳೆ. ಒಂದು ದ್ವೀಪದ ಮುದಿ ರಾಜ ಮಗಳನ್ನೂ ಸಿಂಹಾಸನವನ್ನೂ ಒಪ್ಪಿಸುತ್ತಾನೆ. ಬುದೂರ್ ರಾಜ್ಯವಾಳುತ್ತಾಳೆ, ಹೊಸ ಹೆಂಡತಿಗೆ ಮಾತ್ರ ಗುಟ್ಟು ಹೇಳಿ ಅವಳನ್ನು ಗೆಳತಿಯಾಗಿಸಿಕೊಳ್ಳುತ್ತಾಳೆ. ಕೊನೆಗೆ ಗಂಡ ಸಿಕ್ಕಾಗಲೂ ತಟ್ಟನೆ ಗುರುತು ಹೇಳದೆ, ‘ರಾಜ’ನಾಗಿಯೇ ಅವನನ್ನು ಬೇಕಾದಷ್ಟು ಗೋಳುಹೊಯ್ದುಕೊಂಡು ಆಮೇಲೆ ಮುಖ ತೋರಿಸುತ್ತಾಳೆ.

ಚೀನಾದ ಮುಲಾನ್ ಇವರೆಲ್ಲರಿಗಿಂತ ಹೆಸರಾದವಳು. ಡಿಸ್ನಿಯ 1998ರ ಚಿತ್ರ ನೋಡಿದವರಿಗೆ ಅವಳ ಗುಟ್ಟು ಬಯಲಾದದ್ದು ನೆನಪಿರುತ್ತದೆ. ಯುದ್ಧದಲ್ಲಿ ಗಾಯಗೊಂಡಾಗ ವೈದ್ಯನಿಗೆ ತಿಳಿಯುತ್ತದೆ, ದಂಡು ಅವಳನ್ನು ಹಿಮದಲ್ಲಿ ಬಿಟ್ಟು ನಡೆಯುತ್ತದೆ. ಮೂಲ ಲಾವಣಿಯಲ್ಲಿ ಇದಾವುದೂ ಇಲ್ಲ. ಉತ್ತರ ವೇಯ್ ರಾಜವಂಶದ ಕಾಲದ್ದೆನ್ನುವ, ಮುನ್ನೂರು ಚಿಲ್ಲರೆ ಅಕ್ಷರಗಳ ಆ ಪುಟ್ಟ ಹಾಡಿನಲ್ಲಿ ಮುದಿ ತಂದೆಯ ಬದಲು ದಂಡಿಗೆ ಹೋದವಳು ಗೆದ್ದು ಬರುತ್ತಾಳೆ. ದೊರೆ ಕೊಡುವ ಅಧಿಕಾರ ಬೇಡವೆಂದು, ಮನೆಗೆ ಹೋಗಲು ಒಂದು ಸವಾರಿ ಕೇಳುತ್ತಾಳೆ. ತನ್ನ ಕೋಣೆಯಲ್ಲಿ ಹಳೆಯ ಉಡುಪು ತೊಟ್ಟು, ಕನ್ನಡಿ ನೋಡಿ ಸಿಂಗರಿಸಿಕೊಂಡು ಹೊರಗೆ ಬರುತ್ತಾಳೆ. ಹನ್ನೆರಡು ವರ್ಷ ಜೊತೆಗಿದ್ದ ಸೈನಿಕರು ಬೆಕ್ಕಸಬೆರಗಾಗುತ್ತಾರೆ. ಯಾರೂ ಅವಳನ್ನು ಹಿಡಿಯಲಿಲ್ಲ, ಯಾರೂ ಕ್ಷಮಿಸಬೇಕಾಗಲಿಲ್ಲ. ಸಾವಿರದೈನೂರು ವರ್ಷ ಹಳೆಯ ಹಾಡಿಗೆ ಇದ್ದ ನಂಬಿಕೆ ಹಾಲಿವುಡ್ಡಿಗೆ ಬರಲಿಲ್ಲವಲ್ಲ!

ಅದೇ ನಾಡಿನ ಇನ್ನೊಬ್ಬಳು ಝೂ ಯಿಂಗ್‌ತಾಯ್. ಅವಳು ಗಂಡುವೇಷ ಹಾಕಿದ್ದು ಓದಲಿಕ್ಕೆ. ಹಾಂಗ್‌ಝೌನ ಶಾಲೆಯಲ್ಲಿ ಮೂರು ವರ್ಷ ಒಡನಾಡಿದ ಲಿಯಾಂಗ್ ಶಾನ್‌ಬೋಗೆ ಅವಳು ಹೆಣ್ಣೆಂದು ಹೊಳೆಯುವುದೇ ಇಲ್ಲ. ಬೀಳ್ಕೊಡುವ ದಾರಿಯುದ್ದಕ್ಕೂ ಅವಳು ಸೂಚನೆಯ ಮೇಲೆ ಸೂಚನೆ ಕೊಟ್ಟರೂ ಪುಣ್ಯಾತ್ಮನ ತಲೆಗೆ ಹೋಗುವುದಿಲ್ಲ. ಅರ್ಥವಾಗುವ ಹೊತ್ತಿಗೆ ಅವಳಿಗೆ ಬೇರೆಡೆ ಮದುವೆ ಗೊತ್ತಾಗಿ, ಅವನು ಕೊರಗಿ ಸಾಯುತ್ತಾನೆ, ಅವಳು ಅವನ ಗೋರಿ ಸೇರುತ್ತಾಳೆ, ಇಬ್ಬರೂ ಚಿಟ್ಟೆಗಳಾಗುತ್ತಾರೆ. ಈ ಕಥೆ ಮೆರೆದದ್ದು ಯುಯೆ ಎಂಬ ಗೀತನಾಟಕ ಪ್ರಕಾರದಲ್ಲಿ. ಶಾಂಘೈನಲ್ಲಿ ಯುಯೆ ತಂಡಗಳು ಪೂರ್ತಿ ಹೆಂಗಸರವೇ ಆಗಿದ್ದವು. ಅಂದರೆ ಗಂಡುವೇಷದ ನಾಯಕಿಯ ಎದುರು ನಿಂತು, ‘ಇವಳು ಹೆಣ್ಣೆಂದು ಗೊತ್ತಾಗಲಿಲ್ಲ’ ಎನ್ನುವ ನಾಯಕನೂ ಹೆಣ್ಣೇ! 1954ರ ಜಿನೀವಾ ಸಮ್ಮೇಳನದಲ್ಲಿ ಪ್ರಧಾನಿ ಝೌ ಎನ್‌ಲಾಯ್ ವಿದೇಶಿ ಅತಿಥಿಗಳಿಗೆ ತೋರಿಸಿದ ಬಣ್ಣದ ಚಿತ್ರ ಇದೇ. ಅದರಲ್ಲಿ ಲಿಯಾಂಗ್ ಆಗಿದ್ದವರು ಫಾನ್ ರುಯಿಜುವಾನ್ ಎಂಬ ನಟಿ.

ಹೆಂಗಸರೇ ಗಂಡು ಪಾತ್ರವಾಡುವ ಇನ್ನೊಂದು ಊರು ಜಪಾನಿನ ತಕರಾಜುಕಾ. ತನ್ನ ರೈಲಿಗೆ ಪ್ರಯಾಣಿಕರು ಬರಲೆಂದು ಉದ್ಯಮಿಯೊಬ್ಬ ಕಟ್ಟಿದ ಈ ಹೆಣ್ಣುಮಕ್ಕಳ ತಂಡದ ಮೊದಲ ಪ್ರದರ್ಶನ 1914ರಲ್ಲಿ ನಡೆಯಿತು. ಆ ಊರಲ್ಲೇ ಬೆಳೆದ ಒಸಾಮು ತೆಜುಕಾ 1953ರಲ್ಲಿ, ಹೆಣ್ಣಿಗೆ ಪಟ್ಟವಿಲ್ಲವೆಂದು ರಾಜಕುಮಾರನಾಗಿ ಬೆಳೆಯುವ ಸಫೈರ್‌ಳ ಚಿತ್ರಕಥೆ ಶುರುಮಾಡಿದ. 1972ರಲ್ಲಿ ರಿಯೋಕೋ ಇಕೆದಾ ‘ವರ್ಸೇಲ್ಸ್‌ನ ಗುಲಾಬಿ’ಯಲ್ಲಿ ಆಸ್ಕರ್‌ಳನ್ನು ತಂದರು. ಫ್ರಾನ್ಸಿನ ರಾಣಿಯ ಅಂಗರಕ್ಷಕಿ ಆಸ್ಕರ್ ಗಂಡಾಗಿ ಬೆಳೆದವಳು. ಅವಳು ಹೆಣ್ಣೆಂಬುದು ಇಡೀ ಅರಮನೆಗೆ ಗೊತ್ತು. ಬಯಲಾಗಲು ಗುಟ್ಟೇ ಇಲ್ಲದ ಮೇಲೆ ಹೆದರಿಕೆ ಎಲ್ಲಿಯದು? ಸಮವಸ್ತ್ರ ತೊಟ್ಟೇ ಬದುಕಿ, ಬಾಸ್ಟೀಲ್ ಕೋಟೆಯ ಮೇಲಿನ ದಾಳಿಯಲ್ಲಿ ಜನರ ಪಕ್ಷದಲ್ಲಿ ನಿಂತು ಸಾಯುತ್ತಾಳೆ. 1974ರಲ್ಲಿ ತಕರಾಜುಕಾ ರಂಗವೇರಿಸಿದ ಈ ಕಥೆಗೆ ಅಲ್ಲಿ ಇವತ್ತಿಗೂ ಬೇಡಿಕೆಯಿದೆ.

ಇದನ್ನು ಓದುವ ಮೈಸೂರಿನ ಹಳೆಯ ರಂಗಪ್ರೇಮಿಗಳಿಗೆ ಆರ್. ನಾಗರತ್ನಮ್ಮ ನೆನಪಾಗದಿರುವುದಿಲ್ಲ. ಗಂಡಸರು ಸ್ತ್ರೀಪಾತ್ರ ಮಾಡುವುದು ಕಂಪನಿ ನಾಟಕಕ್ಕೂ ಯಕ್ಷಗಾನಕ್ಕೂ ಮಾಮೂಲಾಗಿದ್ದ ನಾಡಿನಲ್ಲಿ ಅವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಎಲ್ಲ ಪಾತ್ರಗಳನ್ನೂ ಹೆಂಗಸರ ಕೈಗೇ ಕೊಟ್ಟರು. ಅವರ ಕಂಸ ಅಬ್ಬರಿಸಿದರೆ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗು ಹುಡುಕಬೇಕು, ಅಂಥ ಕಂಠ. ಮೀಸೆ, ಗದೆ, ಕಿರೀಟ ಇವೆಲ್ಲ ಪೆಟ್ಟಿಗೆಯಿಂದ ತೆಗೆದು ಹಾಕಿಕೊಳ್ಳುವ ಸಾಮಾನು ಎಂದು ಪ್ರತಿ ರಾತ್ರಿಯೂ ತೋರಿಸಿಕೊಟ್ಟ ಅವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ತೀರಿಕೊಂಡರು.

ವೇಷ ಕಳಚಬೇಕೋ ಬೇಡವೋ ಎಂಬುದಕ್ಕೆ ಒಮ್ಮೆ ಬಹಿರಂಗ ಜಗಳವೇ ಆಯಿತು. ಐಸಾಕ್ ಬಶೆವಿಸ್ ಸಿಂಗರ್ ಬರೆದ ಸಣ್ಣಕಥೆಯ ಯೆಂಟ್ಲ್, ಪೋಲೆಂಡಿನ ಯಹೂದಿ ಹುಡುಗಿ. ಹೆಣ್ಣಿಗೆ ನಿಷಿದ್ಧವಾದ ಧರ್ಮಗ್ರಂಥಗಳ ಓದಿಗಾಗಿ ಆನ್ಶೆಲ್ ಎಂಬ ಹುಡುಗನಾಗಿ ಪಾಠಶಾಲೆ ಸೇರುತ್ತಾಳೆ, ಹದಸ್ ಎಂಬ ಹುಡುಗಿಯನ್ನು ಮದುವೆಯೂ ಆಗುತ್ತಾಳೆ. ಕೊನೆಗೆ ಸಹಪಾಠಿ ಅವಿಗ್ದೋರ್‌ನೊಬ್ಬನಿಗೇ ನಿಜ ತಿಳಿಸಿ, ಹದಸ್‌ಗೆ ವಿಚ್ಛೇದನ ಕಳಿಸಿ, ವೇಷ ಬಿಡದೆ ಕಣ್ಮರೆಯಾಗುತ್ತಾಳೆ. ಮುಂದೆ ಮದುವೆಯಾಗುವ ಹದಸ್, ಅವಿಗ್ದೋರ್ ತಮ್ಮ ಮಗುವಿಗೆ ಇಡುವ ಹೆಸರು ಆನ್ಶೆಲ್. 1983ರಲ್ಲಿ ಬಾರ್ಬ್ರಾ ಸ್ಟ್ರೈಸ್ಯಾಂಡ್ ಇದನ್ನು ಸಿನಿಮಾ ಮಾಡಿ ತಾವೇ ನಟಿಸಿದರು. ಅಲ್ಲಿ ಯೆಂಟ್ಲ್ ಹೆಣ್ಣುಡುಗೆಗೆ ಮರಳಿ, ಹಾಡುತ್ತ ಅಮೆರಿಕದ ಹಡಗು ಹತ್ತುತ್ತಾಳೆ. ನೊಬೆಲ್ ಪಡೆದಿದ್ದ ಸಿಂಗರ್ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ತನ್ನನ್ನು ತಾನೇ ಸಂದರ್ಶಿಸಿಕೊಂಡು ಚಿತ್ರವನ್ನು ಖಂಡಿಸಿದರು. ಹಾಡುಗಳಿಗಿಂತ ಅವರಿಗೆ ಆ ಹಡಗಿನ ಮೇಲೆಯೇ ಕೋಪ ಹೆಚ್ಚಿತ್ತು. ಪಕ್ಷ ವಹಿಸಲೇಬೇಕೆಂದರೆ ಸಿಂಗರ್ ಕಡೆಗೇ ತೂಕ. ಯೆಂಟ್ಲ್‌ಗೆ ಬೇಕಿದ್ದದ್ದು ಆ ಗ್ರಂಥಗಳು, ಅಮೆರಿಕವಲ್ಲ.

ನಗುವಿನ ಕಡೆಗೂ ಈ ಕಥೆ ಹರಿದಿದೆ. ಟೆರಿ ಪ್ರಾಚೆಟ್‌ನ ‘ಮಾನ್‌ಸ್ಟ್ರಸ್ ರೆಜಿಮೆಂಟ್’ನಲ್ಲಿ ಪಾಲಿ ಹುಡುಗನಾಗಿ ಸೈನ್ಯ ಸೇರಿದರೆ, ಜೊತೆಗಿರುವ ಸಿಪಾಯಿಗಳೂ ಒಬ್ಬೊಬ್ಬರಾಗಿ ಹೆಣ್ಣೆಂದು ತಿಳಿಯುತ್ತ ಹೋಗುತ್ತದೆ. ಹಿಂದಿಯ ‘ದಿಲ್ ಬೋಲೆ ಹಡಿಪ್ಪಾ’ದಲ್ಲಿ ರಾಣಿ ಮುಖರ್ಜಿ ಗಡ್ಡ, ಪೇಟ ಧರಿಸಿ ಕ್ರಿಕೆಟ್ ತಂಡ ಸೇರುತ್ತಾರೆ.

ನಗಲಾಗದ ಚಿತ್ರ ಅಫ್ಗಾನಿಸ್ತಾನದ ಸಿದ್ದಿಕ್ ಬರ್ಮಕ್ ಮಾಡಿದ ‘ಒಸಾಮಾ’ (2003). ತಾಲಿಬಾನ್ ಆಳ್ವಿಕೆಯಲ್ಲಿ ಹೆಂಗಸು ಕೆಲಸಕ್ಕೆ ಹೋಗುವಂತಿಲ್ಲ, ಮನೆಯಲ್ಲಿ ಗಂಡು ದಿಕ್ಕಿಲ್ಲ. ತಾಯಿ, ಅಜ್ಜಿ ಸೇರಿ ಹುಡುಗಿಯ ಕೂದಲು ಕತ್ತರಿಸಿ ದುಡಿಯಲು ಕಳಿಸುತ್ತಾರೆ. ಬೀದಿಯ ಹುಡುಗರ ಜೊತೆ ಅವಳನ್ನೂ ಮದರಸಾಕ್ಕೆ ಎಳೆದೊಯ್ಯುತ್ತಾರೆ. ಶಿಕ್ಷೆಯೆಂದು ಬಾವಿಯಲ್ಲಿ ತೂಗುಬಿಟ್ಟು ಮೇಲೆತ್ತಿದಾಗ, ಕಾಲಮೇಲೆ ಇಳಿದ ಮುಟ್ಟಿನ ರಕ್ತ ಎಲ್ಲವನ್ನೂ ಹೇಳಿಬಿಡುತ್ತದೆ. ಅವಳನ್ನು ಮುದುಕ ಮುಲ್ಲಾನಿಗೆ ಕಟ್ಟುತ್ತಾರೆ. ಹೆಂಡತಿಯರನ್ನು ಕೂಡಿಹಾಕುವ ಬೀಗಗಳಲ್ಲಿ ನಿನಗೆ ಬೇಕಾದ್ದನ್ನು ಆರಿಸಿಕೋ ಎನ್ನುವುದೇ ಅವನು ತೋರುವ ಔದಾರ್ಯ. ಗಂಡುಮಗುವಿಲ್ಲದ ಮನೆಗಳು ಒಬ್ಬ ಮಗಳನ್ನು ಕೆಲ ವರ್ಷ ಮಗನಂತೆ ಬೆಳೆಸುವ ‘ಬಚಾ ಪೋಶ್’ ಪದ್ಧತಿ ಆ ನಾಡಿನಲ್ಲಿ ನಿಜವಾಗಿಯೂ ಉಂಟು.

ಇರಾನಿನ ಜಾಫರ್ ಪನಾಹಿ 2006ರ ‘ಆಫ್‌ಸೈಡ್’ನಲ್ಲಿ ಕಥೆಯನ್ನು ವಾಸ್ತವದ ಬಾಗಿಲಿಗೇ ಒಯ್ದರು. ಫುಟ್‌ಬಾಲ್ ಪಂದ್ಯಕ್ಕೆ ಹೆಣ್ಣುಮಕ್ಕಳನ್ನು ಬಿಡದ ಟೆಹರಾನಿನ ಆಜಾದಿ ಸ್ಟೇಡಿಯಂಗೆ ಹುಡುಗರ ವೇಷದಲ್ಲಿ ನುಗ್ಗಿ ಸಿಕ್ಕಿಬೀಳುವ ಹುಡುಗಿಯರ ಕಥೆ ಅದು. ಹಿನ್ನೆಲೆಯಲ್ಲಿ ನಡೆಯುವ ಇರಾನ್-ಬಹರೇನ್ ವಿಶ್ವಕಪ್ ಅರ್ಹತಾ ಪಂದ್ಯ ನಿಜದ್ದು. ಚಿತ್ರಕ್ಕೆ ಇರಾನಿನಲ್ಲಿ ಪ್ರದರ್ಶನದ ಅನುಮತಿ ಸಿಗಲಿಲ್ಲ. ಮುಂದೆ 2018ರಲ್ಲಿ ಕೆಲವು ಯುವತಿಯರು ಅದೇ ಸ್ಟೇಡಿಯಂಗೆ ಗಡ್ಡಮೀಸೆ ಅಂಟಿಸಿಕೊಂಡೇ ಹೋಗಿ ಪಂದ್ಯ ನೋಡಿದರು. 2019ರಲ್ಲಿ ಗಂಡುವೇಷದಲ್ಲಿ ಒಳಹೋಗಲು ಯತ್ನಿಸಿ ಸಿಕ್ಕಿಬಿದ್ದ ಯುವತಿಯೊಬ್ಬಳು ನ್ಯಾಯಾಲಯದ ಹೊರಗೆ ಬೆಂಕಿ ಹಚ್ಚಿಕೊಂಡು ತೀರಿಕೊಂಡಳು. ಮರು ತಿಂಗಳೇ, ಫಿಫಾದ ಒತ್ತಡಕ್ಕೆ ಮಣಿದು, ಕಾಂಬೋಡಿಯಾ ವಿರುದ್ಧದ ಪಂದ್ಯಕ್ಕೆ ಮೂರು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಟಿಕೆಟ್ ಕೊಟ್ಟು ಒಳಬಿಟ್ಟರು. ಅವರಿಗೆ ಬೇರೆಯೇ ಆಸನಗಳು, ಸುತ್ತ ಕಾವಲು. ಇರಾನ್ ಆ ಪಂದ್ಯವನ್ನು 14-0 ಗೋಲುಗಳಿಂದ ಗೆದ್ದಿತು.