ಬಟ್ಟೆ ಪುಸ್ತಕ ಹೊಲಿಯುವುದೂ ಒಂದು ಕೆಲಸವೇ

ನಾನು ಹೊಲಿಯುವ ಪುಸ್ತಕದಲ್ಲಿ ಓದಲು ಒಂದಕ್ಷರವೂ ಇಲ್ಲ. ಅದರಲ್ಲಿ ಗುಂಡಿ ಹಾಕಬೇಕು, ಜಿಪ್ ಎಳೆಯಬೇಕು, ಲೇಸ್ ಪೋಣಿಸಬೇಕು, ಜಡೆ ಹೆಣೆಯಬೇಕು. ಮರದಿಂದ ಮಾವಿನಹಣ್ಣು ಕಿತ್ತು ಬುಟ್ಟಿಗೆ ಹಾಕಬೇಕು, ಬೇಸರವಾದರೆ ಮತ್ತೆ ಮರಕ್ಕೆ ಅಂಟಿಸಬೇಕು. ಈ ಪುಸ್ತಕದ ಓದುಗರ ವಯಸ್ಸು ಎರಡರಿಂದ ಐದು. ಅವರು ಪುಸ್ತಕವನ್ನು ಎಳೆದಾಡುತ್ತಾರೆ, ಕಚ್ಚುತ್ತಾರೆ, ಊಟದ ತಟ್ಟೆಯೊಳಗೆ ಅದ್ದುತ್ತಾರೆ. ಅದಕ್ಕೇ ಇದು ಕಾಗದದ್ದಲ್ಲ, ಬಟ್ಟೆಯದು. ಇಂಗ್ಲಿಷ್‌ನಲ್ಲಿ ಇದನ್ನು ‘ಕ್ವೈಟ್ ಬುಕ್’ ಎನ್ನುತ್ತಾರೆ. ಮಗುವನ್ನು ಗದ್ದಲವಿಲ್ಲದೆ ಒಂದು ಕಡೆ ಕೂರಿಸುವ ಪುಸ್ತಕ ಎಂದರ್ಥ. ನಮ್ಮ ಓಣಿಯಲ್ಲಿ ಮಾತ್ರ ಎಲ್ಲರೂ ‘ಅರಿವಿ ಪುಸ್ತಕ’ ಎಂದೇ ಕರೆಯುತ್ತಾರೆ.

ಎಂ.ಕಾಂ ಮುಗಿಸಿ, ಧಾರವಾಡದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಅಸಂಖ್ಯ ಜನರಲ್ಲಿ ನಾನೂ ಒಬ್ಬಳು. ಅಧಿಸೂಚನೆಗೆ ಕಾಯುವುದು, ಅರ್ಜಿ ಹಾಕುವುದು, ಪರೀಕ್ಷೆ ಮುಂದಕ್ಕೆ ಹೋಯಿತೆಂದು ತಿಳಿದು ಮತ್ತೆ ಅದೇ ಪುಸ್ತಕ ತೆಗೆಯುವುದು ಎಲ್ಲವೂ ನಿಮಗೆ ಗೊತ್ತಿರುವುದೇ. ಊರಿಗೆ ಹೋದರೆ ಬಸ್ ಸ್ಟ್ಯಾಂಡಿನಿಂದ ಮನೆ ಮುಟ್ಟುವಷ್ಟರಲ್ಲಿ ಕನಿಷ್ಠ ನಾಲ್ಕು ಮಂದಿ ಕೇಳುತ್ತಾರೆ: ‘ನೌಕರಿ ಸಿಕ್ತೇನವಾ?’ ಎರಡು ವರ್ಷ ‘ಇಲ್ರಿ, ಓದಾಕತ್ತೀನ್ರಿ’ ಎಂದಷ್ಟೇ ಹೇಳುತ್ತಿದ್ದೆ. ಮೂರನೇ ವರ್ಷ ‘ಮಕ್ಕಳ ಪುಸ್ತಕಾನೂ ಹೊಲಿಯಾಕತ್ತೀನ್ರಿ’ ಎಂದು ಸೇರಿಸಿದೆ. ಅದಕ್ಕೆ ಬಂದ ಉತ್ತರ, ‘ಛಲೋ ಆತು ಬಿಡವಾ, ಟೈಮ್‌ಪಾಸ್ ಆಕ್ಕೈತಿ.’

ಅದು ಟೈಮ್‌ಪಾಸ್ ಅಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೌದಿಯಿಂದ ಪುಸ್ತಕಕ್ಕೆ

ಅಕ್ಕನ ಮಗಳಿಗೆ ಆಗ ಎರಡೂವರೆ ವರ್ಷ. ಮೊಬೈಲ್ ಮುಂದಿಡದೆ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಯಾವುದೋ ವಿಡಿಯೊದಲ್ಲಿ ಬಟ್ಟೆ ಪುಸ್ತಕ ನೋಡಿದ ಅಕ್ಕ, ಅದನ್ನು ನನಗೆ ಕಳಿಸಿ ‘ಇದನ್ನ ನೀನ ಹೊಲಿದು ಕೊಡು’ ಎಂದಳು. ಬೇಸಿಗೆಯಾಗಿದ್ದರಿಂದ ನಾನು ಊರಲ್ಲೇ ಇದ್ದೆ. ಮನೆಯಲ್ಲಿ ಅವ್ವನ ಕಾಲು ಮಷೀನು ಇತ್ತು, ಅಜ್ಜಿಯ ಕೌದಿಯ ಗಂಟು ಇತ್ತು.

ಕೌದಿ ಗೊತ್ತಲ್ಲ? ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಸಣ್ಣ ಸಣ್ಣ ಹೊಲಿಗೆಯಲ್ಲಿ ಇಡಿಯಾಗಿ ಹೊಲಿಯುವ ಹೊದಿಕೆ. ಬಟ್ಟೆ ಪುಸ್ತಕದ ಪುಟವೂ ಹೆಚ್ಚುಕಡಿಮೆ ಹಾಗೆಯೇ. ಮೇಲೆ ಚಿತ್ರವಿರುವ ಹತ್ತಿ ಬಟ್ಟೆ, ನಡುವೆ ಬಕ್ರಂ, ಹಿಂದೆ ಇನ್ನೊಂದು ಪುಟದ ಬಟ್ಟೆ. ನಡುವೆ ರಟ್ಟು ಇಟ್ಟರೆ ಒಂದೇ ಒಗೆತಕ್ಕೆ ಮುದ್ದೆಯಾಗುತ್ತದೆ. ಬಕ್ರಂ ಒಗೆದರೂ ನಿಲ್ಲುತ್ತದೆ. ಚಿತ್ರಗಳಿಗೆ ಫೆಲ್ಟ್ ಬಟ್ಟೆ. ಅದು ನೆಯ್ದದ್ದಲ್ಲ, ನಾರನ್ನು ಒತ್ತಿ ಮಾಡಿದ್ದು. ಕತ್ತರಿಸಿದರೆ ಅಂಚಿನಲ್ಲಿ ಎಳೆ ಬಿಡುವುದಿಲ್ಲ, ಮಡಚಿ ಹೊಲಿಯುವ ಕಷ್ಟವಿಲ್ಲ.

ಅಜ್ಜಿ ಪಕ್ಕದಲ್ಲಿ ಕುಳಿತು ಒಂದೇ ಮಾತು ಹೇಳಿದರು: ‘ಗಂಟು ಮ್ಯಾಲ ಬಿಡಬ್ಯಾಡ, ಕೂಸು ಅದನ್ನ ಹಲ್ಲೀಲೆ ಹರಿತೈತಿ.’ ದಾರದ ಗಂಟನ್ನು ಎರಡು ಪದರಗಳ ನಡುವೆ ಮುಚ್ಚಿಡುವುದನ್ನು ಕಲಿತದ್ದು ಹಾಗೆ. ಇಂದಿಗೂ ನನ್ನ ಪುಸ್ತಕಗಳಲ್ಲಿ ಒಂದು ಗಂಟೂ ಹೊರಗೆ ಕಾಣುವುದಿಲ್ಲ.

ಪುಟಕ್ಕೊಂದು ಕೆಲಸ

ನನ್ನ ಪುಸ್ತಕದ ಅಳತೆ ಎಂಟು ಇಂಚು ಉದ್ದ, ಎಂಟು ಇಂಚು ಅಗಲ. ಪುಟಗಳು ಎಂಟು. ಒಂದು ಪುಟಕ್ಕೆ ಕೈಬೆರಳಿನ ಒಂದೇ ಕೆಲಸ.

ಮೊದಲನೆಯದು ಮಾವಿನ ಮರ. ಐದು ಹಣ್ಣು, ಹಿಂದೆ ವೆಲ್ಕ್ರೋ. ಕೀಳಲು ಜೋರು ಬೇಕು, ‘ಚರ್’ ಎಂಬ ಸದ್ದು ಬರುತ್ತದೆ, ಮಕ್ಕಳಿಗೆ ಆ ಸದ್ದೇ ಇಷ್ಟ. ಎರಡನೆಯದು ಅಂಗಿ: ಮೂರು ದೊಡ್ಡ ಗುಂಡಿ, ಮೂರು ಕಾಜ. ಮೂರನೆಯದು ಬೂಟು, ಅದಕ್ಕೆ ಲೇಸ್. ನಾಲ್ಕನೆಯದು ಬುತ್ತಿ ಚೀಲ. ಜಿಪ್ ತೆಗೆದರೆ ಒಳಗೆ ಫೆಲ್ಟಿನ ರೊಟ್ಟಿ, ಪಲ್ಯ, ಉಳ್ಳಾಗಡ್ಡಿ, ಶೇಂಗಾ ಚಟ್ನಿ. ಐದನೆಯದು ಕೆಂಪು ಬಸ್ಸು. ಕಿಟಕಿಯ ಪರದೆ ಎತ್ತಿದರೆ ಒಂದೊಂದರಲ್ಲೂ ಒಬ್ಬೊಬ್ಬರು ಕುಳಿತಿರುತ್ತಾರೆ. ಆರನೆಯದು ಹುಡುಗಿಯ ಜಡೆ: ಉಲ್ಲನ್ನಿನ ಮೂರು ಎಳೆ, ಹೆಣೆದು ತುದಿಗೆ ರಿಬ್ಬನ್ ಸಿಕ್ಕಿಸಬೇಕು. ಏಳನೆಯದು ಗಡಿಯಾರ. ಎಂಟನೆಯದು ಲಾಡಿ ಎಳೆದು ಬಾಯಿ ಮುಚ್ಚುವ ಕಾಳಿನ ಚೀಲ. ಒಳಗೆ ಕಾಳಿಲ್ಲ, ಕಾಳಿನ ಆಕಾರದ ದೊಡ್ಡ ಬಟ್ಟೆ ತುಂಡುಗಳಿವೆ.

ಗುಂಡಿ ಹಾಕುವುದು ನಮಗೆ ಕೆಲಸವೇ ಅಲ್ಲ. ಮೂರು ವರ್ಷದ ಮಗುವಿಗೆ ಹಾಗಲ್ಲ. ಒಂದು ಕೈ ಬಟ್ಟೆ ಹಿಡಿಯಬೇಕು, ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳು ಗುಂಡಿಯನ್ನು ತಿರುಗಿಸಿ ತೂರಿಸಬೇಕು, ಕಣ್ಣು ಎರಡನ್ನೂ ನೋಡುತ್ತಿರಬೇಕು. ಮುಂದೆ ಪೆನ್ಸಿಲ್ ಹಿಡಿಯುವುದೂ ಇದೇ ಬೆರಳುಗಳು. ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್ ನಗರದಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದರು. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಗುಂಡಿ, ಹುಕ್ಕು, ಲೇಸುಗಳನ್ನು ಜೋಡಿಸಿದ ಸಾಧನಗಳು ಅವರ ಪದ್ಧತಿಯ ಭಾಗವಾದವು. ಇದೇ ಮಾಂಟೆಸ್ಸೊರಿ 1939ರಲ್ಲಿ ಭಾರತಕ್ಕೂ ಬಂದು, ಎರಡನೇ ಮಹಾಯುದ್ಧದ ವರ್ಷಗಳನ್ನು ಇಲ್ಲೇ ಕಳೆದರು. ಬಟ್ಟೆಯಲ್ಲಿ ಪುಸ್ತಕ ಮಾಡುವುದೂ ಹೊಸದೇನಲ್ಲ. ಮಕ್ಕಳಿಗಾಗಿ ಬಟ್ಟೆ ಪುಸ್ತಕ ಮುದ್ರಿಸುವುದಕ್ಕೆಂದೇ ಡೀನ್ಸ್ ರಾಗ್ ಬುಕ್ ಎಂಬ ಕಂಪನಿ 1903ರಲ್ಲಿ ಲಂಡನ್ನಿನಲ್ಲಿ ಹುಟ್ಟಿತ್ತು. ನಮ್ಮಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನದನ್ನು ಬುನಾದಿ ಹಂತ ಎಂದು ಗುರುತಿಸಿದೆ. ಆ ವಯಸ್ಸಿನವರಿಗಾಗಿ ಎನ್‌ಸಿಇಆರ್‌ಟಿ 2023ರಲ್ಲಿ ತಂದ ‘ಜಾದೂಯಿ ಪಿಟಾರಾ’ದಲ್ಲಿ ಆಟಿಕೆ, ಗೊಂಬೆ, ಒಗಟುಗಳೇ ಪಠ್ಯಸಾಮಗ್ರಿ. ಅಂದರೆ, ಆಟದ ಮೂಲಕ ಕಲಿಕೆ ಎಂಬುದು ಈಗ ಸರ್ಕಾರವೇ ಆಡುವ ಮಾತು.

ಮಗುವಿನ ಬಾಯಿ ನೆನಪಿರಲಿ

ನೀವು ಎಷ್ಟು ಚೆಂದ ಹೊಲಿದರೂ ಮಗು ಮೊದಲು ಮಾಡುವುದು ಬಾಯಿಗೆ ಹಾಕಿಕೊಳ್ಳುವುದನ್ನೇ. ಆಟಿಕೆಗಳ ಮಾನದಂಡದಲ್ಲಿ ಒಂದು ಪುಟ್ಟ ಕೊಳವೆಯ ಅಳತೆ ಇದೆ. ಅದರ ಬಾಯಿಯ ಅಗಲ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವ ಬಿಡಿ ವಸ್ತು ಮೂರು ವರ್ಷದೊಳಗಿನ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ನಮ್ಮ ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ನಾಣ್ಯ ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಅಂದಾಜು ಸಿಗುತ್ತದೆ. ಪುಸ್ತಕದಿಂದ ಬೇರ್ಪಡುವ ನನ್ನ ಯಾವ ತುಂಡೂ ಎರಡು ಇಂಚಿಗಿಂತ ಚಿಕ್ಕದಿಲ್ಲ. ಎರಡು ವರ್ಷದ ಮಗುವಿಗೆಂದು ಕೇಳಿದರೆ ಹಣ್ಣುಗಳನ್ನು ಗಿಡ್ಡ ರಿಬ್ಬನ್ನಿನಿಂದ ಪುಟಕ್ಕೇ ಕಟ್ಟಿಬಿಡುತ್ತೇನೆ. ದಾರ, ಲೇಸ್, ಜಡೆಯ ಎಳೆ ಯಾವುದೂ ಒಂದು ಗೇಣಿಗಿಂತ ಉದ್ದವಿರುವುದಿಲ್ಲ, ಕುತ್ತಿಗೆಗೆ ಸುತ್ತಿಕೊಳ್ಳಬಾರದು. ಮ್ಯಾಗ್ನೆಟ್ ಅಂತೂ ಬೇಡವೇ ಬೇಡ. ಎರಡು ಮ್ಯಾಗ್ನೆಟ್ ಹೊಟ್ಟೆಗೆ ಹೋದರೆ ಕರುಳಿನ ಎರಡು ಕಡೆಯಿಂದ ಒಂದನ್ನೊಂದು ಎಳೆದು, ನಡುವಿನ ಕರುಳಿಗೇ ತೂತು ಬೀಳಬಹುದು.

ಗುಂಡಿಗೆ ಎರಡೆಳೆ ದಾರ, ಹಿಂದೆ ಬಟ್ಟೆಯ ಒಂದು ಚಿಕ್ಕ ಆಸರೆ ತುಂಡು. ಹೊಸ ದಾರ ತಂದಾಗಲೆಲ್ಲ ಚೂರು ಬಟ್ಟೆಯ ಮೇಲೆ ಗುಂಡಿ ಹೊಲಿದು, ಅದಕ್ಕೆ ಐದು ಲೀಟರ್ ನೀರಿನ ಕ್ಯಾನ್ ತೂಗುಹಾಕಿ ನೋಡುತ್ತೇನೆ. ರೂಮಿನ ಗೆಳತಿಯರಿಗೆ ಅದು ತಮಾಷೆ. ಆದರೆ ಗುಂಡಿ ಕಿತ್ತು ಬಂದರೆ ಅದು ತಮಾಷೆಯಲ್ಲ.

ಗಂಟೆಗೆ ಎಷ್ಟು?

ಈಗ ನಿಜವಾದ ವಿಷಯಕ್ಕೆ ಬರೋಣ. ಕಾಮರ್ಸ್ ಓದಿದವಳಾದ್ದರಿಂದ, ಮೊದಲ ಆರ್ಡರ್ ಬಂದ ದಿನದಿಂದಲೇ ಒಂದು ನೋಟ್‌ಬುಕ್ ಇಟ್ಟೆ. ಎಡಕ್ಕೆ ಸಾಮಾನಿನ ಖರ್ಚು, ಬಲಕ್ಕೆ ಕೆಲಸ ಮಾಡಿದ ಗಂಟೆ.

ಶುರುವಿನಲ್ಲಿ ಒಂದು ಪುಸ್ತಕಕ್ಕೆ ಫೆಲ್ಟ್, ಬಟ್ಟೆ, ಬಕ್ರಂ, ಜಿಪ್, ವೆಲ್ಕ್ರೋ, ದಾರ ಸೇರಿ 380 ರೂಪಾಯಿ. ಸಮಯ 20 ಗಂಟೆ. ಮಾರಿದ್ದು 1,200ಕ್ಕೆ. ಉಳಿದ 820 ರೂಪಾಯಿಯನ್ನು 20ರಿಂದ ಭಾಗಿಸಿದರೆ ಗಂಟೆಗೆ 41. ಆ ಸಂಖ್ಯೆಯನ್ನು ಕೆಂಪು ಪೆನ್ನಿನಲ್ಲಿ ಬರೆದಿಟ್ಟೆ. ಅದನ್ನು ಮೇಲೇರಿಸುವುದು ಹೇಗೆ ಎಂಬುದೇ ಮುಂದಿನ ಆರು ತಿಂಗಳ ಪಾಠವಾಯಿತು. ಎಂಟು ಪುಟಗಳ ವಿನ್ಯಾಸವನ್ನು ಸ್ಥಿರ ಮಾಡಿದೆ. ರಟ್ಟಿನಲ್ಲಿ ಅಚ್ಚು ಕತ್ತರಿಸಿಟ್ಟುಕೊಂಡೆ. ಒಂದೊಂದೇ ಪುಸ್ತಕ ಮಾಡುವ ಬದಲು ಐದು ಪುಸ್ತಕದ ತುಂಡುಗಳನ್ನು ಒಟ್ಟಿಗೆ ಕತ್ತರಿಸಿದೆ. ಒಂದು ದಿನ ಬರೀ ಗುಂಡಿ, ಇನ್ನೊಂದು ದಿನ ಬರೀ ಜಿಪ್. ಹುಬ್ಬಳ್ಳಿಯ ಜವಳಿ ಸಾಲಿನಿಂದ ಸಾಮಾನು ಒಟ್ಟಿಗೆ ತಂದೆ. ಖರ್ಚು 340ಕ್ಕೆ ಇಳಿಯಿತು, ಸಮಯ 12 ಗಂಟೆಗೆ. ಬೆಲೆ 1,600 ಮಾಡಿದೆ. ಈಗ ಗಂಟೆಗೆ 105 ರೂಪಾಯಿ. ತಿಂಗಳಿಗೆ ಆರು ಪುಸ್ತಕ, ಅಂದರೆ 72 ಗಂಟೆ. ತಿಂಗಳಲ್ಲಿ 24 ದಿನ, ದಿನಕ್ಕೆ ಮೂರೇ ಗಂಟೆ. ಕೈಗೆ ಏಳು ಸಾವಿರದ ಆಸುಪಾಸು ಉಳಿಯುತ್ತದೆ. ಸಂಬಳ ಎನ್ನುವಷ್ಟಿಲ್ಲ ನಿಜ, ಆದರೆ ರೂಮಿನ ಬಾಡಿಗೆಗೂ ಮೆಸ್ಸಿಗೂ ಅಪ್ಪನಿಗೆ ಫೋನ್ ಮಾಡಬೇಕಿಲ್ಲ.

ಈ ನೋಟ್‌ಬುಕ್ಕಿನ ನಿಜವಾದ ಉಪಯೋಗ ತಿಳಿದದ್ದು ಒಬ್ಬ ಅಂಗಡಿಯವರ ಮುಂದೆ. ಮಕ್ಕಳ ಬಟ್ಟೆಯ ಅಂಗಡಿ ಅವರದು. ಪುಸ್ತಕ ತಿರುವಿ ನೋಡಿ, ಹತ್ತು ಬೇಕು, ಒಂದಕ್ಕೆ 700 ಕೊಡುತ್ತೇನೆ ಎಂದರು. ನಾನು ನನ್ನ ರೇಟು ಹೇಳಿದೆ. ಅವರು ನಕ್ಕರು: ‘ಮನ್ಯಾಗ ಕುಂತು ಹೊಲಿಯೋದಕ್ಕ ಅಷ್ಟ್ಯಾಕ್ರಿ ಅಕ್ಕಾರ? ನಿಮ್ಮ ಟೈಮಿಗೇನು ರೊಕ್ಕ ಬೀಳತೈತಿ?’

ಆ ತಿಂಗಳು ನನ್ನ ಕೈಯಲ್ಲಿದ್ದದ್ದು ಎರಡೇ ಆರ್ಡರ್. ಪರೀಕ್ಷಾ ಶುಲ್ಕ ಕಟ್ಟುವುದಿತ್ತು, ಮೆಸ್ ಬಿಲ್ ಬಾಕಿ ಇತ್ತು. ಒಟ್ಟಿಗೆ ಏಳು ಸಾವಿರ ಎಂದರೆ ಆಸೆಯಾಗದೆ ಇರುತ್ತದೆಯೇ? ಆದರೆ ನೋಟ್‌ಬುಕ್ಕಿನ ಲೆಕ್ಕ ಬೇರೆ ಇತ್ತು. 700ರಲ್ಲಿ 340 ಕಳೆದರೆ 360, 12 ಗಂಟೆಗೆ ಹಂಚಿದರೆ ಗಂಟೆಗೆ 30 ರೂಪಾಯಿ. ಹತ್ತು ಪುಸ್ತಕಕ್ಕೆ 120 ಗಂಟೆ, ಉಳಿಯುವುದು 3,600. ಆ 120 ಗಂಟೆ ನನ್ನ ಓದಿನಿಂದಲೇ ಬರಬೇಕು. ‘ಆಗಂಗಿಲ್ರಿ’ ಎಂದು ಎದ್ದು ಬಂದೆ. ಮೆಸ್ ಬಿಲ್ಲಿಗೆ ಅಕ್ಕನ ಹತ್ತಿರ ಕೈಸಾಲ ಮಾಡಿದೆ. ಮರುವಾರ ಒಂದು ಶಿಶುವಿಹಾರಕ್ಕೆ ಹೋಗಿ, ಅನುಮತಿ ಕೇಳಿ, ಮಕ್ಕಳನ್ನು ಬಿಡುವ ಹೊತ್ತಿಗೆ ಪುಸ್ತಕವನ್ನು ಮಕ್ಕಳ ಕೈಗೇ ಕೊಟ್ಟೆ. ಕರೆದೊಯ್ಯಲು ಬಂದ ತಾಯಂದಿರು ಕಾಯಬೇಕಾಯಿತು, ಏಕೆಂದರೆ ಬುತ್ತಿ ಚೀಲ ಬಿಟ್ಟು ಮಕ್ಕಳು ಏಳಲೊಲ್ಲರು. ಅಂದು ಮೂರು ಆರ್ಡರ್ ಬಂದವು. ದೊಡ್ಡ ಗೆಲುವೇನಲ್ಲ, ಕೈಸಾಲ ತೀರಿತು.

ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಸಮಯಕ್ಕೆ ನಾವೇ ಬೆಲೆ ಬರೆದುಕೊಳ್ಳದಿದ್ದರೆ ಬೇರೆಯವರು ಸೊನ್ನೆ ಎಂದೇ ಬರೆಯುತ್ತಾರೆ. ಅಜ್ಜಿ ಜೀವನವಿಡೀ ಹೊಲಿದ ಕೌದಿಗಳಿಗೆ ಯಾರೂ ಗಂಟೆ ಲೆಕ್ಕ ಹಾಕಲಿಲ್ಲ. ಅದನ್ನೂ ಎಲ್ಲರೂ ಟೈಮ್‌ಪಾಸ್ ಎಂದೇ ತಿಳಿದಿದ್ದರು.

ಶುರು ಮಾಡುವ ಮುನ್ನ

ನಿಮ್ಮಲ್ಲಿ ಯಾರಿಗಾದರೂ ಆಸಕ್ತಿ ಇದ್ದರೆ ಒಂದೆರಡು ವಿಷಯ ತಿಳಿದಿರಲಿ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ವಸ್ತುಗಳಿಗೆ ಇದರಿಂದ ವಿನಾಯಿತಿ ಇದೆ. ಅವರಿಗೆ ಕೊಡುವ ಗುರುತಿನ ಚೀಟಿಯ ಹೆಸರು ‘ಪೆಹಚಾನ್’. ಮಾರಾಟಕ್ಕೆ ಇಳಿಯುವ ಮೊದಲು ಈ ವಿಷಯ ವಿಚಾರಿಸಿಕೊಳ್ಳಿ. ಸಣ್ಣ ಉದ್ಯಮದ ‘ಉದ್ಯಮ್’ ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತದೆ, ಶುಲ್ಕವಿಲ್ಲ, ಏಜೆಂಟರಿಗೆ ದುಡ್ಡು ಕೊಡಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ, ಸಾಂಪ್ರದಾಯಿಕ ಗೊಂಬೆ ಮತ್ತು ಆಟಿಕೆ ತಯಾರಿಕೆಯೂ ಇವೆ. ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಸಿಗುತ್ತದೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ.

ಹೊಲಿಗೆ ಮಷೀನು ಇಲ್ಲವೆಂದು ಕೂರಬೇಡಿ. ಒಂದೇ ಪುಟವನ್ನು ಕೈಹೊಲಿಗೆಯಲ್ಲಿ ಮಾಡಿ, ಪಕ್ಕದ ಮನೆಯ ಮಗುವಿಗೆ ಕೊಟ್ಟು ಒಂದು ವಾರ ನೋಡಿ. ಯಾವುದು ಹರಿಯುತ್ತದೆ, ಯಾವುದನ್ನು ಮಗು ಮುಟ್ಟುವುದೇ ಇಲ್ಲ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಆರ್ಡರ್ ಕೊಡುವವರಿಗೆ ಒಗೆಯುವ ವಿಧಾನ ಬರೆದುಕೊಡಿ: ತಣ್ಣೀರು, ಕೈಒಗೆತ, ನೆರಳಲ್ಲಿ ಒಣಗಿಸುವುದು. ಪಾಲಿಯೆಸ್ಟರ್ ಫೆಲ್ಟಿನ ಮೇಲೆ ಬಿಸಿ ಇಸ್ತ್ರಿ ಇಡಬಾರದು, ಕರಗುತ್ತದೆ.

ಈಚೆಗೆ ಹೊಸ ಆರ್ಡರುಗಳ ಜೊತೆ ಹಳೆಯ ಪುಸ್ತಕಗಳು ರಿಪೇರಿಗೆ ಬರತೊಡಗಿವೆ. ಒಂದು ವರ್ಷ ಆಡಿದ ಪುಸ್ತಕದಲ್ಲಿ ಮೊದಲು ಸೋಲುವುದು ವೆಲ್ಕ್ರೋ. ಅದರ ಕೊಕ್ಕೆಗಳಲ್ಲಿ ಕೂದಲು, ನೂಲು ತುಂಬಿಕೊಂಡಿರುತ್ತದೆ. ಗುಂಡಿಗಳು ಇದುವರೆಗೆ ಒಂದೂ ಕಿತ್ತಿಲ್ಲ. ಹೋದ ತಿಂಗಳು ಬಂದ ಪುಸ್ತಕದಲ್ಲಿ ಅಂಗಿಯ ಪುಟದ ಕಾಜಗಳು ಹಿಗ್ಗಿ ಸಡಿಲವಾಗಿದ್ದವು. ಆ ಮಗು ಎಷ್ಟು ಸಲ ಗುಂಡಿ ಹಾಕಿ ತೆಗೆದಿರಬೇಕು! ಈಗ ಅವನು ಶಾಲೆಗೆ ಹೋಗುವಾಗ ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಾನಂತೆ, ಪುಸ್ತಕ ತಂಗಿಗೆ ಬೇಕಂತೆ. ಕಾಜಗಳನ್ನು ಬಿಗಿ ಮಾಡಿ, ವೆಲ್ಕ್ರೋ ಬದಲಿಸಿ, 150 ರೂಪಾಯಿ ತೆಗೆದುಕೊಂಡೆ. ನೋಟ್‌ಬುಕ್ಕಿನಲ್ಲಿ ಬರೆದೆ: ರಿಪೇರಿ, ಒಂದು ಗಂಟೆ ಹತ್ತು ನಿಮಿಷ. ಆಮೇಲೆ ಪರೀಕ್ಷೆಯ ಪುಸ್ತಕ ತೆಗೆದು ಓದಲು ಕುಳಿತೆ.