ಬಾನೆಟ್ ಮೇಲೆ ಬೋರ್‌ವೆಲ್ ಸುಣ್ಣ

ಬಳ್ಳಾರಿಯಲ್ಲಿ ಕಾರು ತೊಳೆಯುವವರಿಗೆ ನೀರಿನ ಮೂಲ ಯಾವುದೆಂದು ಕೇಳಬೇಕಿಲ್ಲ, ಬಾನೆಟ್ ನೋಡಿದರೆ ಸಾಕು. ಅಲ್ಲೀಪುರ ಕೆರೆಯಲ್ಲಿ ತುಂಬಿಟ್ಟ ತುಂಗಭದ್ರಾ ಕಾಲುವೆ ನೀರಿನಲ್ಲಿ ತೊಳೆದ ಕಾರಿನ ಮೇಲೆ ಕಲೆ ಕಡಿಮೆ. ಬೋರ್ ನೀರು ಬಿದ್ದದ್ದಾದರೆ ಕಪ್ಪು ಬಣ್ಣದ ಮೇಲೆಲ್ಲ ಬಿಳಿ ಚುಕ್ಕಿ. ಬೇಸಿಗೆಯಲ್ಲಿ ಕಾಲುವೆ ನಿಂತಾಗ ಈ ಚುಕ್ಕಿಗಳೂ ಹೆಚ್ಚುತ್ತವೆ.

ಕಾರಣ ನೆಲದಲ್ಲೇ ಇದೆ. ಬಳ್ಳಾರಿ, ಸಿರುಗುಪ್ಪ ಭಾಗದ ಎರೆಮಣ್ಣಿನಲ್ಲಿ ಸುಣ್ಣಕಲ್ಲಿನ ಹರಳುಗಳು ಬೆರೆತಿವೆ. ಇಂಗುವ ಮಳೆನೀರು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಆ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಕಾದ ತಗಡಿನ ಮೇಲೆ ಆ ನೀರು ಆರುವಾಗ ಅನಿಲ ಹಾರಿಹೋಗಿ, ಸುಣ್ಣ ಅಲ್ಲೇ ಉಳಿಯುತ್ತದೆ. ಹೀಟರ್ ಕಾಯಿಲ್‌ಗೆ ಕಟ್ಟುವ ಬಿಳಿ ಪೊರೆಯೂ ಇದೇ.

ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. 600ರ ಲೆಕ್ಕದಲ್ಲಿ ಒಂದು ಲೀಟರ್ ನೀರು ಕಾರಿನ ಮೇಲೇ ಆರಿದರೆ ಅರ್ಧ ಗ್ರಾಂಗಿಂತ ಹೆಚ್ಚು ಸುಣ್ಣ ಮೆತ್ತಿಕೊಳ್ಳುತ್ತದೆ.

ಕಲೆ ಹೊಸದಿದ್ದರೆ ಬಿಳಿ ವಿನೆಗರ್ ಸಾಕು. ಮೊದಲು ಧೂಳನ್ನು ನೀರು ಬಿಟ್ಟು ಇಳಿಸಬೇಕು. ಅದಿರಿನ ಧೂಳು ಕೂತ ಕಾರನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಗೀರು ಖಚಿತ. ನೆರಳಿನಲ್ಲಿ, ತಗಡು ತಣ್ಣಗಿರುವಾಗ, ವಿನೆಗರಿಗೆ ಸಮ ಪ್ರಮಾಣದ ಆರ್‌ಒ ನೀರು ಬೆರೆಸಿ, ಮೂಲೆಯಲ್ಲೊಮ್ಮೆ ಪರೀಕ್ಷಿಸಿ, ಬಟ್ಟೆ ಅದ್ದಿ ಕಲೆಯ ಮೇಲೆ ಒಂದೆರಡು ನಿಮಿಷ ಇಡಬೇಕು. ಆಮ್ಲಕ್ಕೆ ಸುಣ್ಣ ಕರಗುತ್ತದೆ. ಆಮೇಲೆ ಚೆನ್ನಾಗಿ ತೊಳೆದು ಒರೆಸಬೇಕು. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಕಾರಿನ ಹತ್ತಿರ ತರಲೇಬಾರದು, ಅದು ಲೋಹದ ಭಾಗಗಳನ್ನೇ ತಿನ್ನುತ್ತದೆ.

ಕುರುಗೋಡಿನಂಥ ಗ್ರಾನೈಟ್ ಗುಡ್ಡಗಳ ನೆರೆಯಲ್ಲಿ ಇನ್ನೊಂದು ತೊಡಕಿದೆ. ಕಲ್ಲಿನ ಬಿರುಕುಗಳಲ್ಲಿ ನಿಂತ ನೀರು ಸಿಲಿಕಾವನ್ನೂ ಹೊತ್ತು ಬರುತ್ತದೆ. ಅದು ಗಾಜಿಗೆ ಕಚ್ಚಿದರೆ ವಿನೆಗರಿಗೆ ಬಗ್ಗದು, ಸೀರಿಯಂ ಆಕ್ಸೈಡ್ ಪುಡಿಯಿಂದ ಪಾಲಿಶ್ ಮಾಡಿಸಬೇಕು. ಇದನ್ನು ಬರೀ ಅಂದದ ಪ್ರಶ್ನೆ ಎನ್ನುವಂತಿಲ್ಲ. ಸಿರುಗುಪ್ಪ ರಸ್ತೆಯಲ್ಲಿ ರಾತ್ರಿ ಎದುರಿಂದ ಭತ್ತದ ಲಾರಿ ಬಂದಾಗ, ಕಲೆಗಟ್ಟಿದ ಮುಂಗಾಜಿನ ಮೇಲೆ ಬೆಳಕು ಚೆದುರಿ ರಸ್ತೆಯೇ ಕಾಣದಾಗುತ್ತದೆ.

ತೆಗೆಯುವುದಕ್ಕಿಂತ ತಡೆಯುವುದು ಅಗ್ಗ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ಊರಿದು. ಸೂರ್ಯ ಏರುವ ಮುನ್ನವೇ ತೊಳೆದು, ಒಂದೊಂದು ಬಾಗಿಲು ಮುಗಿದಂತೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸುತ್ತ ಹೋಗಬೇಕು. ಕೊನೆಯ ಜಾಲಿಸುವಿಕೆಗೆ ಒಂದು ಬಕೆಟ್ ಮಳೆನೀರು ಅಥವಾ ಆರ್‌ಒ ನೀರು ಸಾಕು. ಮನೆಯ ಆರ್‌ಒ ಯಂತ್ರ ಹೊರಚೆಲ್ಲುವ ನೀರನ್ನು ಉಳಿಸಿ ಕಾರು ತೊಳೆಯುವವರುಂಟು. ನೀರು ಉಳಿಸುವ ಆ ಮನಸ್ಸು ದೊಡ್ಡದು, ಆದರೆ ಮೂಲ ನೀರಿಗಿಂತ ಹೆಚ್ಚು ಲವಣ ಅದರಲ್ಲೇ ಇರುತ್ತದೆ. ಅದನ್ನು ಚಕ್ರಕ್ಕೂ ಅಂಗಳಕ್ಕೂ ಬಳಸಿ, ಬಣ್ಣ ಮತ್ತು ಗಾಜಿನಿಂದ ದೂರವಿಡುವುದು ಒಳ್ಳೆಯದು.