ಟಂಟಂ ಗಾಡಿಯ ಹಿಂದಿನ ಗಾಲಿಗಳು

ಬೈಲಹೊಂಗಲದ ಪೇಟೆಯಲ್ಲಾಗಲಿ, ಸವದತ್ತಿಯಿಂದ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯಲ್ಲಾಗಲಿ ಸಾಲಾಗಿ ನಿಂತ ಟಂಟಂ ಗಾಡಿಗಳ ಟಯರುಗಳನ್ನು ಒಮ್ಮೆ ಬಾಗಿ ನೋಡಿರಿ. ಮುಂದಿನ ಒಂಟಿ ಗಾಲಿಯ ಟಯರಿನಲ್ಲಿ ಗೀರುಗಳು ಇನ್ನೂ ಆಳವಾಗಿ ಉಳಿದಿರುವಾಗಲೇ ಹಿಂದಿನ ಎರಡು ಟಯರುಗಳು ಬೋಳಾಗಿರುವುದನ್ನು ಎಷ್ಟೋ ಗಾಡಿಗಳಲ್ಲಿ ಕಾಣಬಹುದು. ಮೂರು ಗಾಲಿಗಳೂ ಓಡಿದುದು ಒಂದೇ ದಾರಿ, ಒಂದೇ ದೂರ. ಹೀಗಿರುವಲ್ಲಿ ಸವೆತದಲ್ಲಿ ಈ ಭೇದವೇಕೆ? ಪ್ರಶ್ನೆ ಕೇವಲ ಕುತೂಹಲದ್ದಲ್ಲ. ದಿನದ ದುಡಿಮೆಯಿಂದ ಸಾಲದ ಕಂತು ಕಟ್ಟುವ ಚಾಲಕನ ಹಣವೂ, ಗಾಡಿಯೊಳಗೆ ಕುಳಿತವರ ಪ್ರಾಣವೂ ಇದರ ಉತ್ತರವನ್ನು ಅವಲಂಬಿಸಿವೆ.

ಗಾಳಿ ತುಂಬಿದ ಟಯರಿಗೂ ಮೂರು ಗಾಲಿಗಳಿಗೂ ಹಳೆಯ ನಂಟು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಡನ್‌ಲಪ್ ಅಂಥ ಟಯರನ್ನು ಮೊದಲು ಕಟ್ಟಿ ನೋಡಿದುದು ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ. ಆ ಹುಡುಗನ ಸೈಕಲ್ಲು ಹೊರುತ್ತಿದ್ದುದು ಒಬ್ಬ ಬಾಲಕನನ್ನು ಮಾತ್ರ. ನಮ್ಮ ಟಂಟಂ ಹೊರುವುದೋ ಸಂತೆಯ ಜನ, ಹತ್ತಿಯ ಅಂಡಿಗೆ, ಕಡಲೆಯ ಚೀಲ.

ಮೊದಲು ಭಾರದ ಹಂಚಿಕೆಯನ್ನು ವಿಚಾರಿಸೋಣ. ಮುಂದಿನ ಗಾಲಿಗೂ ಹಿಂದಿನ ಅಚ್ಚಿಗೂ ನಡುವೆ 2 ಮೀಟರು ಅಂತರವಿದೆಯೆಂದೂ, ಗಾಡಿ ಮತ್ತು ಸರಕಿನ ಒಟ್ಟು ಭಾರ 900 ಕಿಲೋಗ್ರಾಂ ಎಂದೂ, ಗುರುತ್ವಕೇಂದ್ರವು ಹಿಂದಿನ ಅಚ್ಚಿನಿಂದ 40 ಸೆಂಟಿಮೀಟರು ಮುಂದಿದೆಯೆಂದೂ ಇಟ್ಟುಕೊಳ್ಳೋಣ. ಸನ್ನೆಕೋಲಿನ ನಿಯಮದಂತೆ ಮುಂದಿನ ಗಾಲಿಯ ಮೇಲೆ ಬೀಳುವುದು 180 ಕಿಲೋಗ್ರಾಂ. ಉಳಿದ 720 ಹಿಂದಿನ ಜೋಡಿಯ ಪಾಲು. ಅಂದರೆ ಹಿಂದಿನ ಒಂದೊಂದು ಗಾಲಿಯೂ 360 ಕಿಲೋಗ್ರಾಂ, ಎಂದರೆ ಮುಂದಿನದರ ಎರಡರಷ್ಟು ಹೊರುತ್ತದೆ. ಹಿಂಬದಿಯ ಹಲಗೆಯ ಮೇಲೆ ಇನ್ನಿಬ್ಬರು ಜೋತುಬಿದ್ದರಂತೂ ಗುರುತ್ವಕೇಂದ್ರವು ಮತ್ತಷ್ಟು ಹಿಂದೆ ಸರಿದು, ಹಿಂದಿನ ಗಾಲಿಗಳು ಇನ್ನೂ ಭಾರವಾಗುತ್ತವೆ. ದಾರಿ ತೋರಬೇಕಾದ ಮುಂದಿನ ಗಾಲಿ ಹಗುರವಾಗುತ್ತದೆ.

ಆದರೆ ಭಾರವೊಂದೇ ಟಯರನ್ನು ತಿನ್ನುವುದಿಲ್ಲ. ನಿಂತ ಗಾಡಿಯ ಟಯರು ಎಷ್ಟು ಭಾರ ಹೊತ್ತರೂ ಸವೆಯದಷ್ಟೆ. ಸವೆಯಬೇಕಾದರೆ ರಬ್ಬರು ರಸ್ತೆಯ ಮೇಲೆ ಜಾರಬೇಕು. ಉರುಳುವ ಗಾಲಿ ಜಾರುವುದೇ ಇಲ್ಲವೆಂದು ನಾವು ಪಾಠದಲ್ಲಿ ಹೇಳುವುದುಂಟು; ಅದು ಗಟ್ಟಿಯಾದ ಆದರ್ಶ ಗಾಲಿಯ ಮಾತು. ರಬ್ಬರು ಬಾಗುವ, ಹಿಗ್ಗುವ ವಸ್ತು. ಎಂಜಿನಿನ ಬಲ ಗಾಲಿಯನ್ನು ತಿರುಗಿಸಿದಾಗ ನೆಲಕ್ಕೆ ತಾಗಿದ ರಬ್ಬರು ಮೊದಲು ಎಳೆಯಲ್ಪಟ್ಟು, ನೆಲವನ್ನು ಬಿಡುವ ಅಂಚಿನಲ್ಲಿ ಥಟ್ಟನೆ ಹಿಂದಕ್ಕೆ ಜಾರುತ್ತದೆ. ಕಣ್ಣಿಗೆ ಕಾಣದ ಈ ಜಾರುವಿಕೆಯೇ ಸವೆತದ ಮೂಲ. ಇಂಗ್ಲೆಂಡಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಷಾಲಮಾಖ್ ಮತ್ತು ಟರ್ನರ್ ಎಂಬವರು 1960ರಲ್ಲಿ ಇದನ್ನು ಲೆಕ್ಕಕ್ಕೆ ತಂದರು. ಜಾರುವಿಕೆ ಅಲ್ಪವಾಗಿರುವವರೆಗೆ ಸವೆತವು ಜಾರುವಿಕೆಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಕಾರಣವೂ ಸರಳವೇ: ಜಾರುವಿಕೆ ಇಮ್ಮಡಿಯಾದರೆ ಬಲವೂ ಇಮ್ಮಡಿಯಾಗಿರುತ್ತದೆ, ಉಜ್ಜುವ ದೂರವೂ ಇಮ್ಮಡಿ, ಎರಡರ ಗುಣಲಬ್ಧ ನಾಲ್ಕು.

ಈ ವರ್ಗದ ನಿಯಮವೇ ಇಡೀ ವಿಷಯದ ಕೀಲಿಕೈ. ಗಾಡಿಯನ್ನು ತಳ್ಳುವ ಕೆಲಸ ಹಿಂದಿನ ಗಾಲಿಗಳದು. ಸಮತಟ್ಟಾದ ಡಾಂಬರಿನ ಮೇಲೆ 900 ಕಿಲೋಗ್ರಾಂ ಗಾಡಿಯನ್ನು ಮೆಲ್ಲಗೆ ಉರುಳಿಸಲು ಭಾರದ ನೂರರಲ್ಲಿ ಎರಡು ಪಾಲಿನಷ್ಟು, ಅಂದರೆ 18 ಕಿಲೋಗ್ರಾಂ ಬಲ ಸಾಕು ಎನ್ನಿ. ಹತ್ತಕ್ಕೆ ಒಂದರಂತೆ ಏರುವ ಗುಡ್ಡದ ದಾರಿಯಲ್ಲಿ ಇದರ ಮೇಲೆ ಇನ್ನೂ 90 ಕಿಲೋಗ್ರಾಂ ಬೇಕು, ಒಟ್ಟು 108. ಬಲ ಆರು ಪಟ್ಟಾಯಿತು. ಸವೆತ ಸುಮಾರು 36 ಪಟ್ಟು! ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆಯಲ್ಲಿ ಗುಡ್ಡಕ್ಕೆ ಏರಿಳಿಯುವ ಗಾಡಿಯ ಟಯರು, ಕಿತ್ತೂರಿನ ಬಳಿಯ ಹೆದ್ದಾರಿಯಲ್ಲಿ ಒಂದೇ ವೇಗದಿಂದ ಓಡುವ ಗಾಡಿಯ ಟಯರಿಗಿಂತ ಬೇಗ ಮುಗಿಯುವುದರಲ್ಲಿ ಆಶ್ಚರ್ಯವಿಲ್ಲ. ಥಟ್ಟನೆ ಹೊರಡುವುದೂ, ಬ್ರೇಕನ್ನು ಒಮ್ಮೆಲೆ ಒತ್ತುವುದೂ ಇದೇ ಲೆಕ್ಕಕ್ಕೆ ಸೇರುತ್ತವೆ.

ತಿರುವಿನಲ್ಲಿ ಇನ್ನೊಂದು ಸಂಗತಿ ಉಂಟು. ನಾಲ್ಕು ಗಾಲಿಯ ಗಾಡಿಯು ಹೊರಕ್ಕೆ ವಾಲುವುದನ್ನು ಮುಂದಿನ ಜೋಡಿ, ಹಿಂದಿನ ಜೋಡಿ ಎರಡೂ ಹಂಚಿಕೊಂಡು ತಡೆಯುತ್ತವೆ. ಮೂರು ಗಾಲಿಯ ಗಾಡಿಯಲ್ಲಿ ಮುಂದಿನ ಒಂಟಿ ಗಾಲಿ ಇದಕ್ಕೆ ನೆರವಾಗಲಾರದು. ಇಡೀ ಹೊರೆ ಹಿಂದಿನ ಎರಡರ ಮೇಲೆಯೇ ಬೀಳುತ್ತದೆ. ಮೇಲಿನ ಗಾಡಿಯ ಗುರುತ್ವಕೇಂದ್ರ ನೆಲದಿಂದ 70 ಸೆಂಟಿಮೀಟರು ಎತ್ತರದಲ್ಲಿದ್ದು, ಹಿಂದಿನ ಗಾಲಿಗಳ ನಡುವೆ 120 ಸೆಂಟಿಮೀಟರು ಅಂತರವಿದ್ದರೆ, 16 ಮೀಟರು ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಹೊರಗಿನ ಗಾಲಿಯ ಮೇಲೆ ಸುಮಾರು 463, ಒಳಗಿನದರ ಮೇಲೆ 257 ಕಿಲೋಗ್ರಾಂ ಬೀಳುತ್ತದೆ. 30 ಕಿಲೋಮೀಟರು ವೇಗದಲ್ಲಿ ಇವು 592 ಮತ್ತು 128 ಆಗುತ್ತವೆ. ವೇಗ 37ನ್ನು ಮುಟ್ಟಿದಾಗ ಒಳಗಿನ ಗಾಲಿಯ ಭಾರ ಸೊನ್ನೆಯಾಗಿ ಗಾಡಿ ಮಗುಚಲು ತೊಡಗುತ್ತದೆ. ಸ್ಪ್ರಿಂಗು ಕುಸಿದು ಗಾಡಿ ವಾಲುವುದನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಸೇರಿಸಿದರೆ ಅಪಾಯದ ವೇಗ ಇನ್ನೂ ಕಡಿಮೆ. ಮೇಲ್ಚಾವಣಿಯ ಮೇಲೆ ಚೀಲಗಳನ್ನು ಹೇರಿದರಂತೂ ಹೇಳುವುದೇ ಬೇಡ.

ಇನ್ನು ಗಾಳಿಯ ಒತ್ತಡ. 360 ಕಿಲೋಗ್ರಾಂ ಹೊತ್ತ ಟಯರಿನಲ್ಲಿ ಚದರ ಅಂಗುಲಕ್ಕೆ 40 ಪೌಂಡು ಒತ್ತಡವಿದ್ದರೆ, ಅದು ನೆಲವನ್ನು ಮುಟ್ಟುವ ಭಾಗ ಹೆಚ್ಚುಕಡಿಮೆ 128 ಚದರ ಸೆಂಟಿಮೀಟರು, ಒಂದು ಅಂಗೈಯಗಲ. ಒತ್ತಡ 28ಕ್ಕೆ ಇಳಿದರೆ ಅದು 183 ಆಗುತ್ತದೆ; ಟಯರಿನ ಪಕ್ಕೆಗಳು ಹೆಚ್ಚು ಬಾಗಿ ಕಾಯುತ್ತವೆ; ಅಂಚುಗಳು ಮೊದಲು ಸವೆಯುತ್ತವೆ. ಗಾಳಿ ಮಿತಿಮೀರಿದರೆ ನಡುವಿನ ಪಟ್ಟಿ ಸವೆಯುತ್ತದೆ. ಒತ್ತಡವನ್ನು ಬೆಳಿಗ್ಗೆ, ಗಾಡಿ ಹೊರಡುವ ಮುನ್ನ ಅಳೆಯಬೇಕು. 30 ಡಿಗ್ರಿಯಲ್ಲಿ 40 ಪೌಂಡು ಇದ್ದ ಗಾಳಿ, ಓಟದಿಂದ 60 ಡಿಗ್ರಿಗೆ ಕಾದಾಗ 45 ತೋರಿಸುತ್ತದೆ. ಇದು ಅನಿಲನಿಯಮದ ಫಲ, ಹೆಚ್ಚು ತುಂಬಿದ್ದರ ಗುರುತಲ್ಲ. ಕಾದ ಟಯರಿನಿಂದ ಗಾಳಿ ಬಿಡುವುದು ತಪ್ಪು.

ಒಂದೇ ಬದಿ ಸವೆದಿದ್ದರೆ ದೋಷ ಟಯರಿನದಲ್ಲ, ಅದನ್ನು ಹಿಡಿದ ತೋಳಿನದು. ಬುಷ್ ಸವೆದು ಗಾಲಿ ತನ್ನ ದಾರಿಯಿಂದ ಒಂದೇ ಡಿಗ್ರಿ ಓರೆಯಾದರೂ, ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರಿನಷ್ಟು ಅಡ್ಡಕ್ಕೆ ಎಳೆಯಲ್ಪಡುತ್ತದೆ. ಇದನ್ನು ಸರಿಪಡಿಸದೆ ಹೊಸ ಟಯರು ಹಾಕಿಸುವವನು ತೂತಿನ ಕೊಡಕ್ಕೆ ನೀರು ಹೊಯ್ದಂತೆ.

ಬದಲಾಯಿಸುವುದು ಯಾವಾಗ? ಗೀರಿನ ಆಳ 0.8 ಮಿಲಿಮೀಟರಿಗಿಂತ ಕಡಿಮೆಯಾದ ಮೂರು ಗಾಲಿಯ ಗಾಡಿ ರಸ್ತೆಗಿಳಿಯಬಾರದೆಂದು ನಮ್ಮ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಕಾಲೇಜಿನ ವರ್ನಿಯರ್ ಮಾಪಕದ ತುದಿಯಿಂದ ಹೊರಬರುವ ಕಡ್ಡಿಯಿಂದ ಇದನ್ನು ಸುಲಭವಾಗಿ ಅಳೆಯಬಹುದು. ಒಣ ಡಾಂಬರಿನ ಮೇಲೆ ಬೋಳು ಟಯರು ಚೆನ್ನಾಗಿಯೇ ಹಿಡಿಯುತ್ತದೆ. ಚಾಲಕನನ್ನು ಮರುಳುಗೊಳಿಸುವುದು ಇದೇ. ಗೀರುಗಳಿರುವುದು ನೀರನ್ನು ಹೊರಹಾಕಲು. ಅವುಗಳ ಅಭಾವ ತಿಳಿಯುವುದು ಮೊದಲ ಮಳೆಯಲ್ಲಿ.

ಒಂದೇ ಟಯರು ಹಾಕಿಸಿ ಹಣ ಉಳಿಸೋಣವೆ? ಇಲ್ಲಿ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಯನ್ನು ನೆನೆಯಬೇಕು. ತಿರುವಿನಲ್ಲಿ ಎರಡು ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅದು ಅವಕಾಶ ಕೊಡುತ್ತದೆ. ಆದರೆ ಎರಡಕ್ಕೂ ಒಂದೇ ಪ್ರಮಾಣದ ತಿರುಗುಬಲವನ್ನು ಹಂಚುತ್ತದೆ. ಆದುದರಿಂದ ಹಿಡಿತ ಕಡಿಮೆಯಿರುವ ಗಾಲಿಯೇ ಎರಡರ ಮಿತಿಯನ್ನೂ ಗೊತ್ತುಮಾಡುತ್ತದೆ. ರಾಮದುರ್ಗದ ಕಡೆಯ ಎರೆಮಣ್ಣಿನ ಹೊಲದ ದಾರಿಯಲ್ಲಿ ಬೋಳು ಗಾಲಿ ಗಿರಗಿರನೆ ತಿರುಗುತ್ತಿದ್ದರೆ, ಪಕ್ಕದ ಹೊಸ ಟಯರು ಸುಮ್ಮನೆ ನಿಂತಿರುತ್ತದೆ. ಕೊಟ್ಟ ಹಣವೂ ಕೆಸರಿನಲ್ಲಿ ನಿಂತಂತೆಯೇ. ಒದ್ದೆ ರಸ್ತೆಯಲ್ಲಿ ಬ್ರೇಕು ಹಾಕಿದಾಗ ಗಾಡಿ ಒಂದು ಬದಿಗೆ ಎಳೆಯುವುದೂ ಇದರಿಂದಲೇ. ಹಿಂದಿನ ಎರಡನ್ನೂ ಒಟ್ಟಿಗೆ, ಒಂದೇ ಮಾದರಿಯವನ್ನು ಹಾಕಿಸುವುದೇ ಸರಿ. ಮೂರಕ್ಕೂ ಒಂದೇ ಅಳತೆಯಿರುವ ಗಾಡಿಯಲ್ಲಿ, ತೆಗೆದ ಎರಡರಲ್ಲಿ ಉತ್ತಮವಾದುದು ಸ್ಟೆಪ್ನಿಗೆ ಬಂದೀತು.

ಮಾದರಿಯ ಆಯ್ಕೆಯು ದಾರಿಯನ್ನು ಅನುಸರಿಸುತ್ತದೆ. ದಪ್ಪ ಹಲ್ಲುಗಳ ಟಯರು ಎರೆಮಣ್ಣನ್ನು ಕಚ್ಚಿ ಹಿಡಿಯುತ್ತದೆ. ಆದರೆ ಡಾಂಬರಿನ ಮೇಲೆ ಆ ಹಲ್ಲುಗಳು ಒಂದೊಂದಾಗಿ ಬಾಗಿ ಜಾರಿ, ಗರಗಸದಂತೆ ಓರೆಯಾಗಿ ಸವೆಯುತ್ತವೆ. ಹೆದ್ದಾರಿಗೆ ಉದ್ದಗೆರೆಗಳ ಟಯರು ಮೇಲು. ವರ್ಷದಲ್ಲಿ ನಾಲ್ಕು ತಿಂಗಳ ಕೆಸರಿಗಾಗಿ ಎಂಟು ತಿಂಗಳು ಡಾಂಬರಿನಲ್ಲಿ ಹಲ್ಲು ಸವೆಸುವುದು ಲಾಭವಲ್ಲವೆಂದು ನನ್ನ ಅಭಿಪ್ರಾಯ. ದಿನವೂ ಹೊಲದ ದಾರಿ ಹಿಡಿಯುವವರ ಮಾತು ಬೇರೆ.

ಪಕ್ಕೆಯ ಮೇಲಿನ ಬರಹವನ್ನೂ ಓದಬೇಕು. 4.50-10 ಎಂದಿದ್ದರೆ ಟಯರಿನ ಅಗಲ 4.50 ಅಂಗುಲ, ಗಾಲಿಯ ಬಳೆಯ ವ್ಯಾಸ 10 ಅಂಗುಲ. 8 ಪಿ.ಆರ್. ಎಂಬುದು ಹೊರುವ ಶಕ್ತಿಯ ದರ್ಜೆ. ಒಳಗೆ ಎಂಟು ಪದರ ಬಟ್ಟೆ ಇದೆಯೆಂದು ಅರ್ಥವಲ್ಲ. ಗಾಡಿಯ ತಯಾರಕರು ಹೇಳಿದ ದರ್ಜೆಗಿಂತ ಕೆಳಗಿನದನ್ನು ಅಗ್ಗವೆಂದು ಕೊಳ್ಳಬಾರದು. ಹಳೆಯ ಟಯರಿಗೆ ಹೊಸ ರಬ್ಬರು ಕಟ್ಟಿಸುವ ರೀಟ್ರೇಡ್, ಒಳಗಿನ ದಾರಗಳು ಕೆಡದಿದ್ದರೆ ಮಾತ್ರ ಒಪ್ಪತಕ್ಕದ್ದು. ಬೋಳು ಟಯರಿನಲ್ಲಿ ಕಾದ ಉಳಿಯಿಂದ ಗೀರು ಕೆತ್ತಿಸುವುದಂತೂ ಆ ದಾರಗಳನ್ನೇ ಬಯಲಿಗೆ ತರುವ ಕೆಲಸ. ಅಂಗಡಿಯಲ್ಲಿ ಬಹುಕಾಲ ಬಿದ್ದಿದ್ದ ಹೊಸ ಟಯರು ಕೂಡ ಹಳೆಯದೇ, ಏಕೆಂದರೆ ಆಮ್ಲಜನಕ ಮತ್ತು ಓಝೋನುಗಳು ರಬ್ಬರನ್ನು ಬಿರುಸುಗೊಳಿಸುತ್ತವೆ. ಪಕ್ಕೆಯ ಮೇಲೆ ಒಂದು ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕೆಗಳಿರುತ್ತವೆ. 3223 ಎಂದಿದ್ದರೆ ಆ ಟಯರು 2023ನೆಯ ವರ್ಷದ 32ನೆಯ ವಾರದಲ್ಲಿ ತಯಾರಾದುದು.